ತಾಯಿ–ಮಗು ಇಬ್ಬರೇ ಹೊರಟಾಗ

ತಲಪಾಡಿ ದಾಟಿ ಮಂಗಳೂರಿಗೆ ಹೋಗಲು ನಮಗೆ ಯಾರ ಅಪ್ಪಣೆಯೂ ಬೇಡ, ಬಸ್ಸು ಹತ್ತಿದರೆ ಸಾಕು. ಆದರೆ ಅದೇ ಮಂಗಳೂರಿನ ಬಜಪೆಯಿಂದ ಮಗುವನ್ನು ಎತ್ತಿಕೊಂಡು ದುಬಾಯಿಗೋ ಮಸ್ಕತ್ತಿಗೋ ಹೊರಡುವ ತಾಯಿಯ ಕೈಯಲ್ಲಿ ಕಾಗದಪತ್ರಗಳಿರಬೇಕು. ಮಂಜೇಶ್ವರ, ಕುಂಬಳೆ, ಬೇಳದ ಕಡೆಯ ಎಷ್ಟೋ ಕುಟುಂಬಗಳಲ್ಲಿ ಗಂಡ ಗಲ್ಫಿನಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ. ಶಾಲೆಗೆ ರಜೆ ಸಿಕ್ಕಾಗ ಮಗುವಿನೊಂದಿಗೆ ವಿಮಾನ ಹತ್ತುವವಳು ತಾಯಿಯೊಬ್ಬಳೇ.

ಮೊದಲನೆಯದು ಜನನ ಪತ್ರ. "ಫಾದರ್, ಪಾಸ್‌ಪೋರ್ಟಿಗೆ ಬೇಕು, ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೊಡಿ" ಎಂದು ಧರ್ಮಕೇಂದ್ರದ ಕಚೇರಿಗೆ ಬರುವವರು ಈಗಲೂ ಇದ್ದಾರೆ. ಕೊಡಲು ನಮಗೆ ಅಡ್ಡಿಯಿಲ್ಲ. ಆದರೆ ಪಾಸ್‌ಪೋರ್ಟ್ ಕಚೇರಿಯಲ್ಲಿ ಅದು ಮಗು ಹುಟ್ಟಿದ ದಿನಕ್ಕೆ ಸಾಕ್ಷಿಯಾಗದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಜನನ ಪತ್ರವೊಂದೇ ದಾಖಲೆ ಎಂದು 2025ರಲ್ಲಿ ನಿಯಮ ಬದಲಾಗಿದೆ. ಅದರಲ್ಲಿನ ಹೆಸರುಗಳು ತಂದೆತಾಯಿಯ ಪಾಸ್‌ಪೋರ್ಟಿನಲ್ಲಿರುವಂತೆಯೇ ಇವೆಯೇ ಎಂದು ಅಕ್ಷರ ಅಕ್ಷರ ನೋಡಿಕೊಳ್ಳಿ. ನಮ್ಮಲ್ಲಿ ಇದೇ ದೊಡ್ಡ ತಲೆನೋವು. ಡಿಸೋಜ ಎಂಬ ಒಂದು ಹೆಸರಿಗೆ ಇಂಗ್ಲಿಷಿನಲ್ಲಿ ಮೂರು ಬಗೆ. ಮಲಯಾಳದಿಂದ ಇಳಿಸಿದಾಗ ಇನ್ನೂ ಒಂದು. ತಾಯಿಯ ಪಾಸ್‌ಪೋರ್ಟಿನಲ್ಲಿ ತವರಿನ ಹೆಸರು, ಮಗುವಿಗೆ ತಂದೆಯ ಹೆಸರು ಇದ್ದರೆ ಇವರಿಬ್ಬರು ತಾಯಿ ಮಗು ಎಂದು ಹೇಳುವುದು ಈ ಪತ್ರವೇ. ಲಗೇಜಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಮಗುವಿನ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರೂ 'ಅನೆಕ್ಸರ್ ಡಿ' ಎಂಬ ಹೇಳಿಕೆಗೆ ಸಹಿ ಹಾಕಬೇಕು. ತಂದೆ ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಫಿಡವಿಟ್ ಕಳುಹಿಸುತ್ತಾನೆ.

ಗಂಡ ಬಿಟ್ಟುಹೋಗಿದ್ದರೆ? ಸಹಿ ಹಾಕಲು ಒಪ್ಪದಿದ್ದರೆ? ಗಂಡನ ಸಹಿಯಿಲ್ಲದೆ ಮಗುವಿಗೆ ಪಾಸ್‌ಪೋರ್ಟ್ ಸಿಗುವುದೇ ಇಲ್ಲವೆಂದು ನಂಬಿ, ಹೊರದೇಶದಲ್ಲಿ ನರ್ಸ್ ಕೆಲಸ ಸಿಕ್ಕರೂ ಬೇಡವೆನ್ನುವ ಹೆಣ್ಣುಮಕ್ಕಳಿದ್ದಾರೆ. ಆ ನಂಬಿಕೆ ಸರಿಯಲ್ಲ. ಒಬ್ಬರ ಒಪ್ಪಿಗೆ ಸಿಗದಿದ್ದಾಗ 'ಅನೆಕ್ಸರ್ ಸಿ'ಯಲ್ಲಿ ಕಾರಣವನ್ನು ಇದ್ದಂತೆ ಬರೆದು ತಾಯಿಯೊಬ್ಬಳೇ ಅರ್ಜಿ ಹಾಕಬಹುದು. ಕೋರ್ಟಿನಲ್ಲಿ ವ್ಯಾಜ್ಯವಿದ್ದರೆ ಅದನ್ನು ಮುಚ್ಚಿಡಬಾರದು. 2016ರ ಡಿಸೆಂಬರಿನ ಬದಲಾವಣೆಯ ನಂತರ ಈ ಹೇಳಿಕೆಗಳಿಗೆ ನೋಟರಿ ಬೇಡ, ಬಿಳಿ ಹಾಳೆ ಸಾಕು. ಅರ್ಜಿಯಲ್ಲಿ ತಂದೆತಾಯಿಯಲ್ಲಿ ಒಬ್ಬರ ಹೆಸರು ಕೊಟ್ಟರೂ ನಡೆಯುತ್ತದೆ. ನೋಟರಿಗೆಂದು ದುಡ್ಡು ಕೇಳುವ ಮಧ್ಯವರ್ತಿಗಳಿಗೆ ಇದು ರುಚಿಸದ ಸುದ್ದಿ!

ಇನ್ನು ಪ್ರಯಾಣದ ಒಪ್ಪಿಗೆ ಪತ್ರ. ಇದು ಎಲ್ಲ ಕಡೆಯೂ ಕಡ್ಡಾಯವಲ್ಲ. ಆದರೂ ಕೆಲವು ದೇಶಗಳ ಅಧಿಕಾರಿಗಳು ಕೇಳುತ್ತಾರೆ. ಇಂಥ ಪತ್ರ ತರುವಂತೆ ಕೆನಡಾ ಸರಕಾರ ಸಲಹೆ ಕೊಡುತ್ತದೆ. ಗಂಡಹೆಂಡಿರ ಜಗಳದಲ್ಲಿ ಒಬ್ಬರು ಮಗುವನ್ನು ಗಡಿ ದಾಟಿಸಿಬಿಡುವುದುಂಟು, ಆ ಅಂಜಿಕೆಯಿಂದಲೇ ಈ ಪ್ರಶ್ನೆ. ಅಂಥ ಮಕ್ಕಳನ್ನು ಹಿಂದಿರುಗಿಸಲು 1980ರಲ್ಲಿ ಆದ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಮಗು ಯಾರೊಡನೆ, ಎಲ್ಲಿಗೆ, ಯಾವ ದಿನದಿಂದ ಯಾವ ದಿನದವರೆಗೆ ಹೋಗುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದು, ಫೋನ್ ನಂಬರ್ ಹಾಕಿ, ತಂದೆ ಸಹಿ ಮಾಡಲಿ. ಅವನ ಪಾಸ್‌ಪೋರ್ಟಿನ ನಕಲು ಜತೆಗಿರಲಿ. ಇದಕ್ಕಾದರೆ ನೋಟರಿ ಮಾಡಿಸಿದರೆ ಒಳ್ಳೆಯದು. ವಿಧವೆಯಾದವಳು ಗಂಡನ ಮರಣ ಪತ್ರವನ್ನು, ವಿಚ್ಛೇದನ ಪಡೆದವಳು ಮಗುವನ್ನು ತನ್ನ ವಶಕ್ಕೆ ಕೊಟ್ಟ ಕೋರ್ಟಿನ ಆದೇಶವನ್ನು ಒಯ್ಯಬೇಕು.

ತಂದೆಯೊಬ್ಬನೇ ಮಗುವನ್ನು ಕರೆದೊಯ್ಯುವಾಗಲೂ ಇದೇ ಕ್ರಮ; ಆಗ ಒಪ್ಪಿಗೆ ಬರೆಯಬೇಕಾದವಳು ತಾಯಿ.