ರಾಮನಗರದ ಬಾಡಿಗೆ ಮನೆ, ಢಾಕಾದ ಕತ್ತಲಕೋಣೆ

2018ರ ಆಗಸ್ಟ್ 6ರಂದು ರಾಷ್ಟ್ರೀಯ ತನಿಖಾ ದಳದವರು ರಾಮನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಒಬ್ಬನನ್ನು ಬಂಧಿಸಿದರು. ಈ ಊರಿಗೆ ಹೊರಗಿನವರು ಹೊಸಬರೇನಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಪಕ್ಕದ ರಾಜ್ಯಗಳಿಂದಲೂ ಗೂಡು ಬರುತ್ತದೆ, ನೂಲು ಬಿಚ್ಚಾಣಿಕೆಯ ಘಟಕಗಳಿಗೆ ದೂರದೂರದಿಂದ ಕೂಲಿಗೆ ಜನ ಬರುತ್ತಾರೆ. ಬೀದಿಯಲ್ಲಿ ಹೊಸ ಮುಖ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಸಿಕ್ಕಿಬಿದ್ದವನು ಕೂಲಿಗೆ ಬಂದವನಾಗಿರಲಿಲ್ಲ. ಹೆಸರು ಜಾಹಿದುಲ್ ಇಸ್ಲಾಂ. ಕೌಸರ್, ಮುನೀರ್ ಎಂಬ ಹೆಸರುಗಳೂ ಇದ್ದವು. ಬಾಂಗ್ಲಾದೇಶದ ಪೊಲೀಸರ ಕಡತದಲ್ಲಿ ಅವನು 'ಬೋಮಾ ಮಿಜಾನ್', ಅಂದರೆ ಬಾಂಬ್ ಮಿಜಾನ್.

ಅವನ ಸಂಘಟನೆ ಜಮಾತ್-ಉಲ್-ಮುಜಾಹಿದೀನ್ ಬಾಂಗ್ಲಾದೇಶ್. 2005ರ ಆಗಸ್ಟ್ 17ರಂದು ಒಂದೇ ಹೊತ್ತಿನಲ್ಲಿ ಆ ದೇಶದ 64 ಜಿಲ್ಲೆಗಳ ಪೈಕಿ 63ರಲ್ಲಿ ಬಾಂಬ್ ಸಿಡಿಸಿದ ಗುಂಪು ಇದೇ. ಜೀವಾವಧಿ ಶಿಕ್ಷೆಯಾಗಿ ಒಳಗಿದ್ದ ಮಿಜಾನ್‌ನನ್ನೂ ಇನ್ನಿಬ್ಬರನ್ನೂ 2014ರ ಫೆಬ್ರವರಿ 23ರಂದು ಮೈಮನ್‌ಸಿಂಗ್ ಬಳಿಯ ತ್ರಿಶಾಲ್‌ನಲ್ಲಿ ಸಂಗಡಿಗರು ಪೊಲೀಸ್ ವ್ಯಾನಿಗೆ ಅಡ್ಡಹಾಕಿ ಬಿಡಿಸಿಕೊಂಡು ಹೋದರು. ಒಬ್ಬ ಪೊಲೀಸ್ ಸತ್ತ. ತಪ್ಪಿಸಿಕೊಂಡ ಮೂವರಲ್ಲಿ ಒಬ್ಬ ಅದೇ ದಿನ ಸಿಕ್ಕಿಬಿದ್ದ, ಕೆಲವೇ ಗಂಟೆಗಳಲ್ಲಿ 'ಗುಂಡಿನ ಚಕಮಕಿ'ಯಲ್ಲಿ ಸತ್ತ ಎಂದು ಪೊಲೀಸರು ಹೇಳಿದರು. ಮಿಜಾನ್ ಗಡಿ ದಾಟಿ ಬಂದ. ಅದೇ ವರ್ಷ ಅಕ್ಟೋಬರ್ 2ರಂದು ಪಶ್ಚಿಮ ಬಂಗಾಳದ ಬರ್ಧಮಾನದ ಖಾಗ್ರಾಗಢದ ಮನೆಯೊಂದರಲ್ಲಿ ತಯಾರಾಗುತ್ತಿದ್ದ ಬಾಂಬ್ ಸಿಡಿದು ಇಬ್ಬರು ಸತ್ತಾಗ ಜಾಲದ ಎಳೆ ತನಿಖಾ ದಳದ ಕೈಗೆ ಬಂತು. 2018ರ ಜನವರಿಯಲ್ಲಿ ಬೋಧಗಯಾದಲ್ಲಿ ಬಾಂಬ್ ಪತ್ತೆಯಾದ ಪ್ರಕರಣದಲ್ಲೂ ಅವನ ಹೆಸರು ಬಂತು. ರಾಮನಗರದ ಬಂಧನದ ಮರುವರ್ಷ ದೊಡ್ಡಬಳ್ಳಾಪುರದಲ್ಲಿ ಇದೇ ಸಂಘಟನೆಯ ಇನ್ನೊಬ್ಬನ ಬಂಧನವಾಯಿತು. 2021ರ ಫೆಬ್ರವರಿಯಲ್ಲಿ ಕೋಲ್ಕತ್ತದ ವಿಶೇಷ ನ್ಯಾಯಾಲಯ ಜಾಹಿದುಲ್‌ಗೆ 29 ವರ್ಷ ಶಿಕ್ಷೆ ವಿಧಿಸಿತು.

ನಮ್ಮ ಜಿಲ್ಲೆಗೆ ಸಂಬಂಧಿಸಿದಂತೆ ಕಥೆ ಇಷ್ಟೇ. (ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂದಿದೆ, ಊರು ರಾಮನಗರವಾಗಿಯೇ ಉಳಿದಿದೆ.) ಇದರಲ್ಲಿ ಗಮನಿಸಬೇಕಾದದ್ದು ಬಂಧನದ ಸಾಹಸವನ್ನಲ್ಲ, ಅದರ ನಂತರದ ಸಪ್ಪೆ ಭಾಗವನ್ನು: ಮ್ಯಾಜಿಸ್ಟ್ರೇಟರ ಮುಂದೆ ಹಾಜರಿ, ಆರೋಪಪಟ್ಟಿ, ವಕೀಲ, ತೀರ್ಪು. ಢಾಕಾದಲ್ಲಿ ಯಾವ ಪಕ್ಷ ಅಧಿಕಾರಕ್ಕೆ ಬಂದರೂ ಆ ತೀರ್ಪನ್ನು ಯಾರೂ ಕೆದಕಲಾರರು. ಇದೇ ಎರಡು ದೇಶಗಳ ನಡುವೆ ಇದೇ ಅವಧಿಯಲ್ಲಿ ನಡೆದ ಇತರ ಕೆಲವು ಕೊಡುಕೊಳ್ಳುವಿಕೆಗಳ ಬಗ್ಗೆ ಹಾಗೆ ಹೇಳುವಂತಿಲ್ಲ.

ಬರೆದ ಒಪ್ಪಂದ, ಬರೆಯದ ಒಪ್ಪಂದ

2009ರ ಡಿಸೆಂಬರ್‌ನಲ್ಲಿ ಅಸ್ಸಾಮಿನ ಉಲ್ಫಾ ಸಂಘಟನೆಯ ಅಧ್ಯಕ್ಷ ಅರಬಿಂದ ರಾಜಖೋವಾ ಮೇಘಾಲಯದ ಡಾವ್ಕಿ ಗಡಿಯಲ್ಲಿ ಭಾರತದ ವಶಕ್ಕೆ ಬಂದರು. ಶರಣಾದರು ಎಂಬುದು ಸರ್ಕಾರಿ ಮಾತು. ಬಾಂಗ್ಲಾದೇಶದಲ್ಲಿ ಹಿಡಿದು ಗಡಿಗೆ ತಂದು ಬಿಟ್ಟರೆಂಬುದು ಎಲ್ಲರೂ ಬಲ್ಲ ಗುಟ್ಟು. ಆಗ ಎರಡು ದೇಶಗಳ ನಡುವೆ ಆರೋಪಿಗಳ ಹಸ್ತಾಂತರಕ್ಕೆ ಒಪ್ಪಂದವೇ ಇರಲಿಲ್ಲ. ಮರುತಿಂಗಳು, 2010ರ ಜನವರಿಯಲ್ಲಿ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ದೆಹಲಿಗೆ ಬಂದಾಗ ಭಯೋತ್ಪಾದನೆ ತಡೆ, ಅಪರಾಧ ತನಿಖೆಯಲ್ಲಿ ಪರಸ್ಪರ ನೆರವು, ಶಿಕ್ಷೆಯಾದ ಕೈದಿಗಳ ವರ್ಗಾವಣೆ ಎಂಬ ಮೂರು ಒಪ್ಪಂದಗಳಿಗೆ ಸಹಿ ಬಿತ್ತು. 2013ರ ಜನವರಿ 28ರಂದು ಹಸ್ತಾಂತರ ಒಪ್ಪಂದವೂ ಆಯಿತು. 2016ರಲ್ಲಿ ಅದನ್ನು ತಿದ್ದಿ, ಸಾಕ್ಷ್ಯದ ಕಟ್ಟು ಕಳಿಸುವ ಅಗತ್ಯವಿಲ್ಲ, ಕೋರ್ಟಿನ ವಾರಂಟ್ ಇದ್ದರೆ ಸಾಕು ಎಂದು ಮಾಡಿಕೊಂಡರು. ಆಗ ಅದು ಇಬ್ಬರಿಗೂ ಅನುಕೂಲದ ತಿದ್ದುಪಡಿಯಾಗಿ ಕಂಡಿತ್ತು.

ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಕಾಗದವಿಲ್ಲದ ದಾರಿ ಮುಚ್ಚಿದಂತೆ ಕಾಣುವುದಿಲ್ಲ. 2012ರ ನವೆಂಬರ್ 5ರಂದು ಢಾಕಾದ ಯುದ್ಧಾಪರಾಧ ನ್ಯಾಯಮಂಡಳಿಯ ಬಾಗಿಲಲ್ಲಿ, ಆರೋಪಿಯ ಪರ ಸಾಕ್ಷಿ ಹೇಳಲು ಬಂದಿದ್ದ ಪಿರೋಜ್‌ಪುರದ ಒಬ್ಬ ಹಿಂದೂ ಮನುಷ್ಯನನ್ನು ಯಾರೋ ಎತ್ತಿಕೊಂಡು ಹೋದರು. ತಿಂಗಳುಗಳ ಮೇಲೆ ಅವನು ಪತ್ತೆಯಾದದ್ದು ಕೋಲ್ಕತ್ತದ ದಮ್‌ದಮ್ ಜೈಲಿನಲ್ಲಿ, ವಿದೇಶಿಯರ ಕಾಯ್ದೆಯಡಿ ಕೈದಿಯಾಗಿ. ತನ್ನ ದೇಶದ ಪೊಲೀಸರೇ ತನ್ನನ್ನು ಗಡಿಯಲ್ಲಿ ಒಪ್ಪಿಸಿದರೆಂದು ಅವನ ಹೇಳಿಕೆ. 2015ರ ಮಾರ್ಚ್‌ನಲ್ಲಿ ಢಾಕಾದ ಉತ್ತರಾ ಬಡಾವಣೆಯಿಂದ ಕಾಣೆಯಾದ ಬಿಎನ್‌ಪಿ ಪಕ್ಷದ ಮುಖಂಡ ಸಲಾಹುದ್ದೀನ್ ಅಹ್ಮದ್ ಎರಡು ತಿಂಗಳ ನಂತರ ಶಿಲ್ಲಾಂಗ್‌ನ ಬೀದಿಯಲ್ಲಿ ಸಿಕ್ಕರು. ಹೇಗೆ ಬಂದೆನೆಂದು ತನಗೇ ಗೊತ್ತಿಲ್ಲ ಎಂದರು. ಶಿಲ್ಲಾಂಗ್‌ನ ನ್ಯಾಯಾಲಯ 2018ರಲ್ಲಿ ಅವರನ್ನು ಖುಲಾಸೆ ಮಾಡಿತು, ಊರಿಗೆ ಮರಳಲು ಸಾಧ್ಯವಾದದ್ದು ಮಾತ್ರ 2024ರ ಆಗಸ್ಟ್‌ನಲ್ಲಿ.

ಆ ಆಗಸ್ಟ್ 5ರಂದು ಹಸೀನಾ ದೇಶ ಬಿಟ್ಟು ಭಾರತಕ್ಕೆ ಬಂದಿದ್ದರು. ಮರುದಿನದಿಂದಲೇ 'ಆಯ್ನಾಘರ್' ಎಂಬ ಗುಪ್ತ ಬಂಧನಾಲಯಗಳಿಂದ ಜನ ಹೊರಬರತೊಡಗಿದರು. ವಕೀಲ ಮೀರ್ ಅಹ್ಮದ್ ಬಿನ್ ಖಾಸಿಂ ಎಂಟು ವರ್ಷ ಒಳಗಿದ್ದರು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ, ಅವರು ಬದುಕಿದ್ದಾರೆಂಬ ಸುದ್ದಿಯೂ ಮನೆಗೆ ಇಲ್ಲ. ಆಮೇಲೆ ಅವರ ಕೋಣೆಯನ್ನು ಹುಡುಕಲು ಹೊರಟ ತನಿಖೆಯವರಿಗೆ ಸಿಕ್ಕ ಸುಳಿವು ಒಂದೇ: ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಮನುಷ್ಯನ ಕಿವಿಗೆ ಬೀಳುತ್ತಿದ್ದ ವಿಮಾನಗಳ ಸದ್ದು. ಢಾಕಾ ವಿಮಾನ ನಿಲ್ದಾಣದ ಹತ್ತಿರದ ಸೇನಾ ಆವರಣವೊಂದರಲ್ಲಿ ಅವಸರಕ್ಕೆ ಕಟ್ಟಿದ ಇಟ್ಟಿಗೆ ಗೋಡೆ ಕಂಡಿತು. ಅದನ್ನು ಒಡೆದರೆ ಹಿಂದೆ ಓಣಿ, ಓಣಿಯುದ್ದಕ್ಕೂ ಕಿಟಕಿಯಿಲ್ಲದ ಗೂಡುಗಳು. 2025ರ ಫೆಬ್ರವರಿಯಲ್ಲಿ ಮಧ್ಯಂತರ ಸರ್ಕಾರದ ಮುಖ್ಯಸ್ಥ ಮುಹಮ್ಮದ್ ಯೂನುಸ್ ಪತ್ರಕರ್ತರ ಜೊತೆ ಇಂಥ ಮೂರು ಜಾಗಗಳಿಗೆ ಹೋಗಿ ನೋಡಿದರು.

ನಾಪತ್ತೆ ಪ್ರಕರಣಗಳ ತನಿಖಾ ಆಯೋಗದ ಮುಂದೆ 2024ರ ಡಿಸೆಂಬರ್ ಹೊತ್ತಿಗೆ 1,676 ದೂರು ಬಂದಿದ್ದವು. ನಿವೃತ್ತ ನ್ಯಾಯಮೂರ್ತಿ ಮೊಯೀನುಲ್ ಇಸ್ಲಾಂ ಚೌಧರಿ ನೇತೃತ್ವದ ಈ ಆಯೋಗ ತನ್ನ ಮಧ್ಯಂತರ ವರದಿಯಲ್ಲಿ ಭಾರತದಲ್ಲಿ ಪತ್ತೆಯಾದ ಮೇಲಿನ ಇಬ್ಬರ ಪ್ರಕರಣಗಳನ್ನೂ ಮುಂದಿಟ್ಟು, ಕೈದಿಗಳ ವಿನಿಮಯದಲ್ಲಿ ಭಾರತದ ಪಾತ್ರವಿತ್ತು ಎಂದು ಆರೋಪಿಸಿತು. ಕೆಲವರು ಇನ್ನೂ ಭಾರತದ ಜೈಲುಗಳಲ್ಲಿರಬಹುದು, ಹುಡುಕಿಸಿ ಎಂದು ತನ್ನ ಸರ್ಕಾರಕ್ಕೆ ಸಲಹೆಯನ್ನೂ ಕೊಟ್ಟಿತು. ಇದು ಆಯೋಗದ ಮಾತು, ಯಾವ ನ್ಯಾಯಾಲಯದ ತೀರ್ಪೂ ಅಲ್ಲ. ಆದರೆ ವಿದೇಶ ಸಂಬಂಧದಲ್ಲಿ ತೀರ್ಪಿಗೆ ಕಾಯುವವರು ಯಾರು? ಗಡಿಯಾಚೆಯ ಒಂದು ಇಡೀ ತಲೆಮಾರಿನ ಕಣ್ಣಿಗೆ ಭಾರತ ತಮ್ಮ ನೆರೆದೇಶವಾಗಿ ಕಾಣುವ ಬದಲು ಹಸೀನಾ ಅವರ ಗೆಳೆಯನಾಗಿ ಕಂಡಿತು. 2016ರ ಆ ಅನುಕೂಲದ ತಿದ್ದುಪಡಿ ಈಗ ತಿರುಗಿ ನಿಂತಿದೆ. 2024ರ ಡಿಸೆಂಬರ್‌ನಲ್ಲಿ ಢಾಕಾ ಹಸೀನಾ ಅವರನ್ನು ಒಪ್ಪಿಸಿ ಎಂದು ಕೇಳಿತು. 2025ರ ನವೆಂಬರ್ 17ರಂದು ಅಲ್ಲಿನ ನ್ಯಾಯಮಂಡಳಿ ಅವರಿಗೆ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿದ ಮೇಲೆ ಮತ್ತೆ ಕೇಳಿತು.

ಭಾರತವೊಂದೇ ಈ ಇಕ್ಕಟ್ಟಿನಲ್ಲಿಲ್ಲ. ಬಾಂಗ್ಲಾದೇಶದ ಕ್ಷಿಪ್ರ ಕಾರ್ಯಪಡೆ 'ರಾಬ್' ಹುಟ್ಟಿದ್ದು 2004ರಲ್ಲಿ. ವಿಚಾರಣೆಯಿಲ್ಲದ ಹತ್ಯೆಗಳಿಗೆ ಆಗಲೇ ಹೆಸರಾಗಿದ್ದ ಆ ಪಡೆಗೆ ಬ್ರಿಟನ್ ತರಬೇತಿ ಕೊಡುತ್ತಿತ್ತೆಂಬುದು 2010ರಲ್ಲಿ ವಿಕಿಲೀಕ್ಸ್ ಹೊರಹಾಕಿದ ಅಮೆರಿಕದ ರಾಯಭಾರ ಪತ್ರಗಳಿಂದ ಜಗಜ್ಜಾಹೀರಾಯಿತು. 2021ರ ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನವೇ, ಅಮೆರಿಕ ರಾಬ್ ಮೇಲೆ ನಿರ್ಬಂಧ ಹೇರಿತು. ಒಬ್ಬ ಮಿತ್ರ ಗುಟ್ಟಾಗಿ ಕಲಿಸಿಕೊಟ್ಟ ಪಡೆಗೆ ಇನ್ನೊಬ್ಬ ಮಿತ್ರ ಬಹಿರಂಗವಾಗಿ ಬಹಿಷ್ಕಾರ ಹಾಕಿದ!

ಕಬ್ಬಾಳದುರ್ಗದ ನೀರು

ಇದೆಲ್ಲ ಈ ಕಾಲದ್ದು ಎಂದುಕೊಂಡವರು ಕನಕಪುರ ತಾಲ್ಲೂಕಿನ ಕಬ್ಬಾಳಕ್ಕೆ ಒಮ್ಮೆ ಹೋಗಿಬರಬೇಕು. ಬೆಟ್ಟದ ಬುಡದಲ್ಲಿ ಕಬ್ಬಾಳಮ್ಮನ ಜಾತ್ರೆಗೆ ಸೇರುವ ಜನಕ್ಕೆ ಮೇಲಿನ ಕೋಟೆ ಬಂಡೆಯಾಗಿ ಮಾತ್ರ ಕಾಣುತ್ತದೆ. ಒಂದು ಕಾಲಕ್ಕೆ ಅದು ರಾಜಕೈದಿಗಳ ಸೆರೆಮನೆ. ಅಲ್ಲಿನ ಹವೆ, ನೀರು ಎಷ್ಟು ಕೆಟ್ಟದೆಂದರೆ ಮರಣದಂಡನೆಯ ಅಪ್ಪಣೆ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. 1734ರಲ್ಲಿ ದಳವಾಯಿಗಳು ಪದಚ್ಯುತಗೊಳಿಸಿದ ಮೈಸೂರಿನ ಅರಸು ಚಾಮರಾಜ ಒಡೆಯರನ್ನು ಪತ್ನಿಯ ಸಮೇತ ಇಲ್ಲಿಗೇ ಕಳಿಸಿದರು. ಅವರು ಮರಳಿ ಬರಲಿಲ್ಲ. ಹೈದರ್, ಟಿಪ್ಪು ಕಾಲದಲ್ಲೂ ಬೆಟ್ಟ ಅದೇ ಕೆಲಸಕ್ಕೆ ಬಳಕೆಯಾಯಿತು. ಟಿಪ್ಪು ಅದಕ್ಕೆ ಜಾಫರಾಬಾದ್ ಎಂದು ಹೆಸರಿಟ್ಟ.

ಸೆರೆಯಾಳುಗಳ ಪಾಡು ಯುದ್ಧ-ಸಂಧಾನಗಳಿಗೆ ಹೇಗೆ ಸರಕಾಗುತ್ತದೆ ಎಂಬುದಕ್ಕೆ ಟಿಪ್ಪು ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವಿನ ಸುಮಾರು ಇಪ್ಪತ್ತು ವರ್ಷಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸಿಕ್ಕ ಇಂಗ್ಲಿಷ್ ಸೈನಿಕರನ್ನು ಶ್ರೀರಂಗಪಟ್ಟಣದಲ್ಲಿ ಸಂಕೋಲೆ ಹಾಕಿ ಇಟ್ಟಿದ್ದರು. ದಳಪತಿ ಬೇಯ್ಲಿ ಅಲ್ಲೇ ಸತ್ತ. 1784ರ ಮಂಗಳೂರು ಒಪ್ಪಂದದಲ್ಲಿ ಕೈದಿಗಳ ಬಿಡುಗಡೆ ಮುಖ್ಯ ಷರತ್ತು. ಎಲ್ಲರನ್ನೂ ಬಿಟ್ಟಿಲ್ಲ ಎಂಬ ಕಂಪನಿಯ ದೂರು ಮಾತ್ರ ನಿಲ್ಲಲೇ ಇಲ್ಲ. ಸೆರೆಯ ಅನುಭವಗಳು ಪುಸ್ತಕಗಳಾಗಿ ಅಚ್ಚಾದವು, ಲಂಡನ್ನಿನ ಓದುಗರ ಮನಸ್ಸಿನಲ್ಲಿ ಟಿಪ್ಪು ಕ್ರೂರಿಯಾಗಿ ನಿಂತುಬಿಟ್ಟ. ಅದರಲ್ಲಿ ನಿಜವೆಷ್ಟು, ಹಿಗ್ಗಿಸಿದ್ದೆಷ್ಟು ಎಂದು ಇವತ್ತಿಗೂ ಚರ್ಚೆ ನಡೆದಿದೆ. ಯುದ್ಧಕ್ಕೆ ಬೇಕಿದ್ದ ಸಮ್ಮತಿಯನ್ನಂತೂ ಆ ಪುಸ್ತಕಗಳು ಒದಗಿಸಿದವು.

ಬರೆಯದ ಒಪ್ಪಂದವೂ ಆಗಲೇ ಇತ್ತು. ಬ್ರಿಟಿಷ್ ಪಾರ್ಲಿಮೆಂಟಿನ 1784ರ ಕಾಯ್ದೆ ದೇಶೀ ರಾಜರೊಂದಿಗೆ ಹೊಸ ಯುದ್ಧಮೈತ್ರಿ ಕೂಡದೆಂದು ಗವರ್ನರ್ ಜನರಲ್‌ನ ಕೈ ಕಟ್ಟಿತ್ತು. 1789ರ ಜುಲೈನಲ್ಲಿ ಕಾರ್ನ್‌ವಾಲಿಸ್ ಒಪ್ಪಂದ ಮಾಡಿಕೊಳ್ಳದೆ ನಿಜಾಮನಿಗೆ ಒಂದು ಪತ್ರ ಬರೆದ. ಕಂಪನಿಯ ಪಡೆಯನ್ನು ಯಾರ ಯಾರ ಮೇಲೆ ಬಳಸಕೂಡದು ಎಂಬ ಪಟ್ಟಿ ಅದಕ್ಕೆ ಹೊಂದಿಕೊಂಡಿತ್ತು, ಅದರಲ್ಲಿ ಟಿಪ್ಪುವಿನ ಹೆಸರು ಇರಲಿಲ್ಲ. ಹೇಳದೆ ಬಿಟ್ಟಿದ್ದೇ ಹೇಳಬೇಕಾದ್ದು. ಟಿಪ್ಪುವಿಗೂ ಇದು ಅರ್ಥವಾಗಲು ಹೆಚ್ಚು ಹೊತ್ತು ಹಿಡಿದಿರಲಾರದು. ಮರುವರ್ಷ ಕಂಪನಿ, ನಿಜಾಮ, ಮರಾಠರು ಬಹಿರಂಗವಾಗಿಯೇ ಕೂಡಿಕೊಂಡರು. ಚನ್ನಪಟ್ಟಣದ ಹೆದ್ದಾರಿಯನ್ನು ಟಿಪ್ಪು ಭದ್ರಪಡಿಸಿದ್ದರಿಂದ 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ ಕಾರ್ನ್‌ವಾಲಿಸ್ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ ದಾರಿ ಹಿಡಿದ. ಶತ್ರುವಿಗೆ ಕಾಳು-ಮೇವು ಸಿಗಬಾರದೆಂದು ಟಿಪ್ಪು ಆ ಸೀಮೆಯನ್ನೇ ಪಾಳುಗೆಡವಿದ. ಡಿಸೆಂಬರ್ 21ರಂದು ಮಾಗಡಿಯ ಸಾವನದುರ್ಗ ಬಿತ್ತು, ಅದರ ಬೆನ್ನಿಗೇ ರಾಮಗಿರಿ, ಶಿವನಗಿರಿ, ಹುತ್ರಿದುರ್ಗ. ದೂರದ ದರ್ಬಾರುಗಳ ಪತ್ರವ್ಯವಹಾರಕ್ಕೆ ಬೆಲೆ ತೆತ್ತದ್ದು ಈ ಸೀಮೆಯ ರೈತರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ತುಕಡಿಗಳ ಮುಂದಾಳು ಡೇವಿಡ್ ಬೇರ್ಡ್ ಅದೇ ಊರಿನಲ್ಲಿ ಸಂಕೋಲೆ ಹೊತ್ತು ವರ್ಷಗಟ್ಟಲೆ ಕೂತಿದ್ದವನು.

ಜೈಲಿನ ಕಿಟಕಿ, ವಿದೇಶದ ಕೋರ್ಟು

ಈಗ ಲೆಕ್ಕದ ಇನ್ನೊಂದು ಮಗ್ಗುಲು. ನಮ್ಮ ಕೈದಿಗಳನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ನಮಗೆ ಬೇಕಾದವರು ನಮಗೆ ಸಿಗುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. 1995ರ ಡಿಸೆಂಬರ್‌ನಲ್ಲಿ ಪುರುಲಿಯಾದ ಹಳ್ಳಿಗಳ ಮೇಲೆ ವಿಮಾನದಿಂದ ಬಂದೂಕುಗಳು ಉದುರಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅದರ ಮುಖ್ಯ ಆರೋಪಿ, ಡೆನ್ಮಾರ್ಕಿನ ನೀಲ್ಸ್ ಹೋಲ್ಕ್ ಉರುಫ್ ಕಿಮ್ ಡೇವಿಯನ್ನು ಕಳಿಸಲು ಅಲ್ಲಿನ ಸರ್ಕಾರ ಒಪ್ಪಿತ್ತು. 2011ರಲ್ಲಿ ಅಲ್ಲಿನ ಹೈಕೋರ್ಟ್, ಭಾರತದಲ್ಲಿ ಅವನಿಗೆ ಚಿತ್ರಹಿಂಸೆಯಾಗುವ ಅಪಾಯವಿದೆ ಎಂದು ತಡೆಯಿತು. ಸಿಟ್ಟಿಗೆದ್ದ ದೆಹಲಿ ಡೆನ್ಮಾರ್ಕ್ ಜೊತೆಗಿನ ಸಂಬಂಧವನ್ನು ವರ್ಷಗಟ್ಟಲೆ ತಣ್ಣಗಿಟ್ಟಿತು. 2024ರ ಆಗಸ್ಟ್‌ನಲ್ಲಿ ಅಲ್ಲಿನ ಕೋರ್ಟು ಮತ್ತೆ ಇಲ್ಲ ಎಂದಿತು. 2025ರ ಫೆಬ್ರವರಿಯಲ್ಲಿ ಲಂಡನ್ ಹೈಕೋರ್ಟ್ ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿಯ ವಿಷಯದಲ್ಲಿ ತಿಹಾರ್ ಜೈಲಿನ ಹೆಸರೆತ್ತಿ ಹೆಚ್ಚುಕಡಿಮೆ ಇದೇ ಕಾರಣ ಕೊಟ್ಟಿತು.

ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಪ್ರಕರಣ ಭಯೋತ್ಪಾದನೆಯದಲ್ಲ, ಸಾಲದ್ದು. ಆದರೂ ಲಂಡನ್ನಿನ ನ್ಯಾಯಾಧೀಶೆ ಎಮ್ಮಾ ಆರ್ಬತ್‌ನಾಟ್ ಮುಂದೆ ಚರ್ಚೆಯಾದದ್ದು ಮುಂಬೈ ಆರ್ಥರ್ ರಸ್ತೆ ಜೈಲಿನ 12ನೇ ಬ್ಯಾರಕ್ಕಿನ ಕಿಟಕಿ. ಕೋಣೆಯೊಳಗೆ ಸಹಜ ಬೆಳಕು ಬರುತ್ತದೋ ಇಲ್ಲವೋ, ನಡುಹಗಲಿನಲ್ಲಿ ವಿಡಿಯೊ ಮಾಡಿ ತೋರಿಸಿ ಎಂದು ಅವರು ಭಾರತಕ್ಕೆ ಹೇಳಿದ್ದು 2018ರ ಜುಲೈ 31ರಂದು, ರಾಮನಗರದ ಬಂಧನಕ್ಕೆ ಒಂದು ವಾರ ಮೊದಲು. ವಿಡಿಯೊ ಹೋಯಿತು, ಡಿಸೆಂಬರ್‌ನಲ್ಲಿ ತೀರ್ಪು ಭಾರತದ ಪರವಾಯಿತು. ಒಂದು ಸಾರ್ವಭೌಮ ದೇಶ ತನ್ನ ಜೈಲಿನ ಕಿಟಕಿಯ ಬಿಸಿಲನ್ನು ಪರದೇಶದ ಕೋರ್ಟಿಗೆ ಸಾಬೀತು ಮಾಡಬೇಕಾಗಿ ಬಂದದ್ದನ್ನು ಅವಮಾನವೆಂದು ಕೆಲವರು ಬರೆದರು. ನನಗೆ ಹಾಗನ್ನಿಸುವುದಿಲ್ಲ. ತೋರಿಸಲು ಕಿಟಕಿ ಇದ್ದುದರಿಂದಲೇ ಕೇಸು ಗೆದ್ದೆವು.

ಚಿತ್ರಹಿಂಸೆ ವಿರೋಧಿ ವಿಶ್ವಸಂಸ್ಥೆ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 1997ರ ಅಕ್ಟೋಬರ್‌ನಲ್ಲಿ. ಅದನ್ನು ಊರ್ಜಿತಗೊಳಿಸಲು ತಂದ ಮಸೂದೆ 2010ರಲ್ಲಿ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಯಿತು, 2014ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಇಂಥ ಕಾನೂನಿಲ್ಲದ್ದರಿಂದ ಆರೋಪಿಗಳ ಹಸ್ತಾಂತರಕ್ಕೆ ತೊಡಕಾಗುತ್ತಿದೆ ಎಂಬ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂದಾಗ ಕೇಂದ್ರ ಸರ್ಕಾರ ಕಾನೂನು ಆಯೋಗದ ಅಭಿಪ್ರಾಯ ಕೇಳಿತು. ಆಯೋಗ 2017ರ ಅಕ್ಟೋಬರ್‌ನಲ್ಲಿ ತನ್ನ 273ನೇ ವರದಿಯ ಜೊತೆಗೆ ಮಸೂದೆಯ ಕರಡನ್ನೂ ಸಿದ್ಧಪಡಿಸಿ ಕೊಟ್ಟಿತು. ಆ ಕರಡು ಇನ್ನೂ ಕಾನೂನಾಗಿಲ್ಲ.