ಎಂಜಿನ್ ಬದಲಿಸಿದ ಜೀಪು: ಟೆಂಪರೇಚರ್ ಮೀಟರನ್ನು ನಂಬಬಹುದೇ?

ತಿತಿಮತಿ, ದೇವರಪುರ, ಬಾಳೆಲೆ ಕಡೆಯ ತೋಟಗಳಲ್ಲಿ ಇವತ್ತಿಗೂ ಹಳೆ ಜೀಪುಗಳು ದುಡಿಯುತ್ತಿವೆ. ಇವುಗಳಲ್ಲಿ ಹಲವಕ್ಕೆ ಹುಟ್ಟಿನಿಂದ ಬಂದ ಎಂಜಿನ್ ಇಲ್ಲ. ಪೆಟ್ರೋಲ್ ಎಂಜಿನ್ ಇಳಿಸಿ ಪ್ಯೂಜೋ ಅಥವಾ ಎಂ.ಡಿ.ಐ. ಡೀಸೆಲ್ ಎಂಜಿನ್ ಕೂರಿಸುವುದು ನಮ್ಮಲ್ಲಿ ಹಳೆಯ ರೂಢಿ. ಎಂಜಿನ್ ಹೊಸತು, ಡ್ಯಾಶ್‌ಬೋರ್ಡಿನ ಮೀಟರ್ ಮಾತ್ರ ಹಳೆಯದೇ. ತಕರಾರು ಶುರುವಾಗುವುದು ಇಲ್ಲಿಂದ.

ದೂರು ಎರಡು ಬಗೆ. ‘ಹತ್ತು ನಿಮಿಷಕ್ಕೇ ಮುಳ್ಳು ಕೆಂಪಿಗೆ ಹೋಗ್ತದೆ’ ಎನ್ನುವವರು ರೇಡಿಯೇಟರ್, ವಾಟರ್ ಪಂಪ್ ಅಂತ ದುಡ್ಡು ಸುರಿಯುತ್ತಾರೆ. ‘ಎಷ್ಟು ಓಡಿಸಿದ್ರೂ ಮುಳ್ಳು ಮೇಲೇಳಲ್ಲ, ಎಂಜಿನ್ ತಂಪಾಗಿದೆ’ ಎನ್ನುವವರು ಖುಷಿಯಲ್ಲಿರುತ್ತಾರೆ. ಅಪಾಯ ಇರುವುದು ಇವರಿಗೇ. ರೋಬಸ್ಟಾ ಕೊಯ್ಲಿನ ಸಮಯ ಹೆಡ್ ಗ್ಯಾಸ್ಕೆಟ್ ಹೋದರೆ ಕೆಲಸವೇ ನಿಂತಿತು. ಮುಸ್ಸಂಜೆ ಆನೆಚೌಕೂರಿನ ಕಾಡುದಾರಿಯಲ್ಲಿ ನೀರು ಕುದಿದು ಗಾಡಿ ನಿಂತರೆ ಆನೆ ಬರುವ ಜಾಗದಲ್ಲಿ ಇಳಿದು ಬಾನೆಟ್ ಎತ್ತುವ ಹಾಗೂ ಇಲ್ಲ.

ಮುಳ್ಳನ್ನು ಆಡಿಸುವುದು ಏನು?

ಮುಳ್ಳು ತೋರಿಸುವುದು ಬಿಸಿಯನ್ನಲ್ಲ, ವಯರಿನಲ್ಲಿ ಹರಿಯುವ ಕರೆಂಟನ್ನು. ಎಂಜಿನ್ ಹೆಡ್ಡಿನಲ್ಲಿ ನೀರಿಗೆ ತಾಗಿಕೊಂಡು ಒಂದು ಹಿತ್ತಾಳೆಯ ಸೆನ್ಸರ್ ಇರುತ್ತದೆ. ಸಾಮಾನ್ಯ ಸೆನ್ಸರ್‌ಗಳಲ್ಲಿ ಬಿಸಿ ಏರಿದಂತೆ ಅದರ ಪ್ರತಿರೋಧ ಇಳಿಯುತ್ತದೆ, ಕರೆಂಟು ಹೆಚ್ಚು ಹರಿಯುತ್ತದೆ, ಮುಳ್ಳು ಏಳುತ್ತದೆ.

ಸೆನ್ಸರ್ ಮತ್ತು ಮೀಟರ್ ಜೋಡೆತ್ತುಗಳ ಹಾಗೆ. ಒಂದು ಗಾಡಿಯ ಮೀಟರಿಗೆ ಇನ್ನೊಂದು ಎಂಜಿನ್ನಿನ ಸೆನ್ಸರ್ ಕಟ್ಟಿದರೆ ಹೊಂದುವುದಿಲ್ಲ. ಅದೇ ಬಿಸಿಯಲ್ಲಿ ಸೆನ್ಸರ್ ಪ್ರತಿರೋಧ ಮೀಟರಿಗೆ ಬೇಕಾದ್ದಕ್ಕಿಂತ ಕಡಿಮೆ ಇದ್ದರೆ ಸುಳ್ಳು ಬಿಸಿ, ಹೆಚ್ಚಿದ್ದರೆ ಸುಳ್ಳು ತಂಪು.

ಮೊದಲು ಅರ್ತ್ ನೋಡಿ

ಸೆನ್ಸರ್‌ಗೆ ಸಾಮಾನ್ಯವಾಗಿ ಒಂದೇ ವಯರು. ಇನ್ನೊಂದು ತುದಿ ಅದರ ಮರೆಯ ಮೂಲಕ ಎಂಜಿನ್ನಿಗೆ, ಅಲ್ಲಿಂದ ಬ್ಯಾಟರಿಗೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿ ಹಾಕದೆ ಬಿಟ್ಟರೆ, ಸಡಿಲವಿದ್ದರೆ, ಬಣ್ಣದ ಮೇಲೆ ಬಿಗಿದಿದ್ದರೆ ಮುಳ್ಳು ಸರಿ ಹೇಳುವುದಿಲ್ಲ. ಮರೆಗೆ ದಪ್ಪವಾಗಿ ಟೆಫ್ಲಾನ್ ಟೇಪ್ ಸುತ್ತಿದರೂ ಇದೇ ಕಥೆ.

ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ. ಮುಳ್ಳು ಜಿಗಿದರೆ ಅರ್ತ್ ಮೇಲೆ ಅನುಮಾನ ಪಡಿ. ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ ಒಂದು ದಪ್ಪ ವಯರು ಮುಟ್ಟಿಸಿ. ಮುಳ್ಳು ಸ್ಥಾನ ಬದಲಿಸಿದರೆ ಕಳ್ಳ ಸಿಕ್ಕಿದ.

ಮುಂದಿನದು ಮೀಟರ್. ಕೀ ಆನ್ ಮಾಡಿ, ಸೆನ್ಸರ್‌ನ ವಯರು ಕಳಚಿ ಒಂದು ಕ್ಷಣ ಮಾತ್ರ ಬ್ಲಾಕಿಗೆ ತಾಗಿಸಿ. ಮುಳ್ಳು ಒಂದು ತುದಿಯತ್ತ ಓಡಬೇಕು, ತೆಗೆದಾಗ ಇನ್ನೊಂದು ತುದಿಗೆ ಮರಳಬೇಕು. ಹಾಗಾದರೆ ಮೀಟರ್, ವಯರು ಎರಡೂ ಜೀವಂತ. ಹೆಚ್ಚು ಹೊತ್ತು ಹಿಡಿದರೆ ಮೀಟರ್ ಸುಟ್ಟೀತು.

ಕುದಿಯುವ ನೀರಿನ ಪರೀಕ್ಷೆ

ಜೋಡಿ ಹೊಂದುತ್ತದೋ ಇಲ್ಲವೋ ತಿಳಿಯಲು ಒಂದು ಪಾತ್ರೆ, ಸ್ಟವ್, ಥರ್ಮಾಮೀಟರ್ ಸಾಕು. ತಣ್ಣಗಿರುವ ಎಂಜಿನ್ನಿನಿಂದ ಸೆನ್ಸರ್ ಬಿಚ್ಚಿ. ಅದರ ವಯರನ್ನು ಉದ್ದ ಮಾಡಿ ಜೋಡಿಸಿ, ಸೆನ್ಸರ್ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದು ವಯರು ಕೊಡಿ. ಹಿತ್ತಾಳೆ ತುದಿ ಮಾತ್ರ ನೀರಿನಲ್ಲಿ ಮುಳುಗಲಿ, ವಯರು ಕೂರುವ ತಲೆ ಒಣಗಿರಲಿ. 40, 60, 80 ಡಿಗ್ರಿಯಲ್ಲಿ ಮತ್ತು ಕುದಿಯುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಬರೆದುಕೊಳ್ಳಿ. ಒಂದು ಮಾತು ನೆನಪಿರಲಿ: ನಮ್ಮ ಎತ್ತರದಲ್ಲಿ ನೀರು ಕುದಿಯುವುದು 100ಕ್ಕಲ್ಲ, ಸುಮಾರು 97 ಡಿಗ್ರಿಗೇ.

ಮುಳ್ಳು ಎಲ್ಲೆಲ್ಲೋ ನಿಂತರೆ ಜೋಡಿ ತಪ್ಪಿದೆ ಎಂದರ್ಥ. ಮೀಟರಿಗೆ ಸೇರಿದ ಸೆನ್ಸರನ್ನೇ ಹೊಸ ಎಂಜಿನ್ನಿಗೆ ಹಾಕಿ, ಅಥವಾ ಎಂಜಿನ್ನಿನ ಸೆನ್ಸರ್‌ಗೆ ಸೇರಿದ ಮೀಟರ್ ತನ್ನಿ. ಮರೆ ಹೊಂದದಿದ್ದರೆ ಲೇತ್‌ನಲ್ಲಿ ಹಿತ್ತಾಳೆಯ ಬುಶ್ ಮಾಡಿಸಬಹುದು. ಆದರೆ ಬುಶ್ ಉದ್ದವಾಗಿ ಸೆನ್ಸರ್ ತುದಿ ನೀರಿನಿಂದ ಹೊರಗೆ ಉಳಿಯಬಾರದು. ನಡುವೆ ರೆಸಿಸ್ಟರ್ ಹಾಕಿ ‘ಸರಿಮಾಡುವ’ ಉಪಾಯ ಬೇಡ. ಅದು ಒಂದು ಬಿಸಿಯಲ್ಲಿ ಸರಿ ತೋರಿಸಿ ಉಳಿದ ಕಡೆ ತಪ್ಪು ಹೇಳೀತು. ಇನ್ನು ಕೆಲವು ಎಂಜಿನ್‌ಗಳಲ್ಲಿ ಎಚ್ಚರಿಕೆ ದೀಪಕ್ಕೆಂದೇ ಒಂದು ಸ್ವಿಚ್ ಇರುತ್ತದೆ. ಅದಕ್ಕೆ ಮೀಟರಿನ ವಯರು ಕೊಟ್ಟರೆ ಮುಳ್ಳು ಮಧ್ಯದಲ್ಲಿ ಎಂದೂ ನಿಲ್ಲದು.

ತೀರಾ ಹಳೆಯ ವಿಲ್ಲೀಸ್‌ನಲ್ಲಿ ಕರೆಂಟಿಲ್ಲದೆ ಸಣ್ಣ ತಾಮ್ರದ ಕೊಳವೆಯಿಂದ ನಡೆಯುವ ಮೀಟರ್ ಇರುತ್ತದೆ. ಆ ಕೊಳವೆ ಮುರಿದರೆ ಮೀಟರ್ ಸತ್ತಂತೆ. ಆ ಗಾಡಿಗಳದ್ದು 6 ವೋಲ್ಟಿನ ವ್ಯವಸ್ಥೆ. 12 ವೋಲ್ಟಿಗೆ ಬದಲಿಸಿದವರು ಪೆಟ್ರೋಲ್ ಮೀಟರನ್ನೂ ನೋಡಿಕೊಳ್ಳಬೇಕು.

ಬಿಸಿ ನಿಜವೇ ಆದರೆ

ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಥರ್ಮೋಸ್ಟಾಟ್ ಕೂತ ಜಾಗದಲ್ಲಿ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಹಿಡಿದರೆ ತಪ್ಪು ಅಂಕೆ ಬರುತ್ತದೆ. ಅಲ್ಲೂ ಬಿಸಿ ಜಾಸ್ತಿ ಕಂಡರೆ ಮೀಟರನ್ನು ಬೈಯಬೇಡಿ. ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್, ಒಳಗೆ ಸಿಕ್ಕಿಕೊಂಡ ಗಾಳಿ, ಹೊಸ ಎಂಜಿನ್ನಿಗೆ ಸಾಲದ ಹಳೆ ರೇಡಿಯೇಟರ್ ಕಡೆ ನೋಡಿ.

ಏರಿದ ಮುಳ್ಳು ಓಡುವಾಗಲೇ ಫಕ್ಕನೆ ಕೆಳಗೆ ಬಿದ್ದರೆ ‘ತಂಪಾಯ್ತು’ ಎಂದುಕೊಳ್ಳಬೇಡಿ. ನೀರು ಸೋರಿ ಸೆನ್ಸರ್ ಒಣಗಿರಬಹುದು. ಸುರಕ್ಷಿತ ಜಾಗ ಕಂಡ ಕೂಡಲೇ ಎಂಜಿನ್ ಆಫ್ ಮಾಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಲೇಬೇಡಿ.

ಎಲ್ಲ ಸರಿಯಾದ ಮೇಲೆ ಮೀಟರಿನ ಗಾಜಿನ ಮೇಲೆ 80 ಡಿಗ್ರಿಯ ಜಾಗಕ್ಕೆ ಮತ್ತು ಕುದಿಯುವ ಜಾಗಕ್ಕೆ ಒಂದೊಂದು ಚುಕ್ಕೆ ಬಣ್ಣ ಇಡಿ. ಯಾವ ಗಾಡಿಯ ಸೆನ್ಸರ್, ಯಾವ ಮೀಟರ್ ಎಂಬುದನ್ನು ಚೀಟಿಯಲ್ಲಿ ಬರೆದು ಆರ್.ಸಿ. ಪುಸ್ತಕದೊಳಗೆ ಇಟ್ಟುಬಿಡಿ. ಮುಂದಿನ ಮೆಕ್ಯಾನಿಕ್‌ಗೂ ಅನುಕೂಲ, ನಿಮ್ಮ ಜೇಬಿಗೂ ಅನುಕೂಲ.