ಕೊಟ್ಟ ಮಾತನ್ನು ಕಾಯುವ ಬ್ಯಾಟರಿ

ಪರೀಕ್ಷೆಯ ಶುಲ್ಕವನ್ನು ಕಟ್ಟುವುದಕ್ಕೆ ಅದೇ ಕಡೆಯ ದಿನ. ವಿದ್ಯಾರ್ಥಿಯೊಬ್ಬನು ಕಂಪ್ಯೂಟರಿನ ಮುಂದೆ ಕುಳಿತು, ಅರ್ಜಿಯನ್ನು ತುಂಬಿ, ಹಣವನ್ನು ಸಲ್ಲಿಸಿ, ಗುಂಡಿಯನ್ನು ಒತ್ತುತ್ತಾನೆ. ಮರುಕ್ಷಣವೇ ‘ನಿಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ’ ಎಂಬ ಉತ್ತರ ತೆರೆಯ ಮೇಲೆ ಮೂಡುತ್ತದೆ. ಅವನು ನಿಶ್ಚಿಂತನಾಗಿ ಎದ್ದುಹೋಗುತ್ತಾನೆ. ಆದರೆ ಆ ಉತ್ತರ ಮೂಡಿದ ಗಳಿಗೆಯಲ್ಲಿಯೇ, ದೂರದ ಊರಿನಲ್ಲಿ ಅರ್ಜಿಗಳನ್ನು ಕೂಡಿಡುವ ಯಂತ್ರಕ್ಕೆ ವಿದ್ಯುತ್ತು ನಿಂತುಹೋಯಿತೆನ್ನೋಣ. ಅವನ ಅರ್ಜಿಯ ಗತಿಯೇನು?

‘ಸ್ವೀಕರಿಸಲಾಗಿದೆ ಎಂದ ಮೇಲೆ ಅದು ಎಲ್ಲಿಯೋ ಭದ್ರವಾಗಿ ಬರೆದಿರಲೇಬೇಕಲ್ಲವೆ?’ ಎಂದು ವಾಚಕರು ಕೇಳಬಹುದು. ಆಶ್ಚರ್ಯದ ಸಂಗತಿಯೆಂದರೆ, ಅನೇಕ ವೇಳೆ ಆ ಉತ್ತರ ಹೊರಡುವಾಗ ಅರ್ಜಿ ಡಿಸ್ಕನ್ನು ಮುಟ್ಟಿಯೇ ಇರುವುದಿಲ್ಲ. ಯಂತ್ರವು ಮೊದಲು ಮಾತು ಕೊಡುತ್ತದೆ; ಬರೆಯುವುದು ಆಮೇಲೆ. ಹೀಗೇಕೆ, ಮತ್ತು ಆ ಮಾತನ್ನು ಕಾಯುವವರು ಯಾರು ಎಂಬುದನ್ನು ನಾವು ಈಗ ನೋಡೋಣ.

ಕಾಂತೀಯ ಡಿಸ್ಕೆಂಬುದು ವೇಗವಾಗಿ ತಿರುಗುವ ನುಣುಪಾದ ತಟ್ಟೆ. ಸಾಮಾನ್ಯವಾದ ಒಂದು ಡಿಸ್ಕು ನಿಮಿಷಕ್ಕೆ ೭,೨೦೦ ಸಲ, ಅಂದರೆ ಸೆಕೆಂಡಿಗೆ ೧೨೦ ಸಲ ಸುತ್ತುತ್ತದೆ. ಒಂದು ಸುತ್ತಿಗೆ ೮ ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು. ಬರೆಯುವ ತಲೆಯು ತಕ್ಕ ವೃತ್ತಕ್ಕೆ ಸರಿಯಲು ಸುಮಾರು ೮ ಮಿಲಿಸೆಕೆಂಡು. ಬೇಕಾದ ಸ್ಥಳವು ತಲೆಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು, ಎಂದರೆ ೪ ಮಿಲಿಸೆಕೆಂಡು. ಒಟ್ಟು ಹನ್ನೆರಡು ಮಿಲಿಸೆಕೆಂಡು. ಅಲ್ಲಲ್ಲಿ ಚದುರಿದ ಸ್ಥಳಗಳಲ್ಲಿ ಬರೆಯಬೇಕಾದರೆ ಇಂಥ ಡಿಸ್ಕು ಸೆಕೆಂಡಿಗೆ ಎಂಬತ್ತು ಬರಹಗಳನ್ನು ಮುಗಿಸುವುದೇ ಹೆಚ್ಚು. ಏಕಕಾಲಕ್ಕೆ ಸಾವಿರಾರು ಅರ್ಜಿಗಳು ಬಂದರೆ?

ಡಿಸ್ಕಿಗೆ ಇನ್ನೊಂದು ದೌರ್ಬಲ್ಯವೂ ಉಂಟು: ಅದು ಒಂದಲ್ಲ ಒಂದು ದಿನ ಕೆಡುತ್ತದೆ. ಈ ಎರಡು ತೊಡಕುಗಳಿಗೂ ಪರಿಹಾರವಾಗಿ, ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬವರು ೧೯೮೮ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅಗ್ಗದ ಹಲವು ಡಿಸ್ಕುಗಳನ್ನು ಒಂದು ವ್ಯೂಹವಾಗಿ ನಿಲ್ಲಿಸಿ, ಒಂದು ಕೆಟ್ಟರೂ ಉಳಿದವುಗಳಿಂದ ಅದರ ಬರಹವನ್ನು ಮರಳಿ ಪಡೆಯುವ ಉಪಾಯಗಳನ್ನು ಅದರಲ್ಲಿ ವಿವರಿಸಿದರು. ಈ ಏರ್ಪಾಡಿಗೆ ‘ರೇಡ್’ ಎಂದು ಹೆಸರು. ಈ ವ್ಯೂಹವನ್ನು ನಡೆಸಲು ಪ್ರತ್ಯೇಕವಾದ ನಿಯಂತ್ರಕವನ್ನು ಇಡುವುದುಂಟು.

ಉಪಾಯದ ತಿರುಳು ಬಲು ಸರಳ. ಮೂರು ಡಿಸ್ಕುಗಳಲ್ಲಿ ಕ್ರಮವಾಗಿ ೧, ೦, ೧ ಎಂಬ ಅಂಕಗಳಿವೆಯೆಂದು ಭಾವಿಸೋಣ. ನಾಲ್ಕನೆಯ ಡಿಸ್ಕಿನಲ್ಲಿ ಒಂದು ಸಾಕ್ಷಿ ಅಂಕವನ್ನು ಬರೆಯಬೇಕು. ನಾಲ್ಕನ್ನೂ ಕೂಡಿದರೆ ಸಮಸಂಖ್ಯೆ ಬರಬೇಕೆಂಬುದೇ ನಿಯಮ. ಇಲ್ಲಿ ಮೂರರ ಮೊತ್ತ ೨. ಆದುದರಿಂದ ಸಾಕ್ಷಿ ೦. ಈಗ ಯಾವ ಡಿಸ್ಕು ಹಾಳಾದರೂ ಉಳಿದ ಮೂರನ್ನು ಕೂಡಿ, ಕಳೆದುಹೋದ ಅಂಕ ಯಾವುದೆಂದು ಹೇಳಬಹುದು.

ಆದರೆ ಈ ಭದ್ರತೆಗೆ ಬೆಲೆಯುಂಟು. ಒಂದು ಅಂಕವನ್ನು ಬದಲಿಸಬೇಕಾದರೆ ಹಳೆಯ ಅಂಕವನ್ನು ಓದಬೇಕು, ಹಳೆಯ ಸಾಕ್ಷಿಯನ್ನು ಓದಬೇಕು. ಬಳಿಕ ಹೊಸ ಅಂಕವನ್ನೂ ಹೊಸ ಸಾಕ್ಷಿಯನ್ನೂ ಬರೆಯಬೇಕು. ಒಂದು ಕೆಲಸ ನಾಲ್ಕಾಯಿತು. ಮೊದಲೇ ನಿಧಾನವಾದ ಡಿಸ್ಕು ಮತ್ತಷ್ಟು ನಿಧಾನವಾಯಿತು.

ಇಲ್ಲಿ ನಮ್ಮ ಊರಿನ ದಿನಸಿ ಅಂಗಡಿಯವನನ್ನು ನೆನೆಯೋಣ. ಸಂಜೆಯ ನೂಕುನುಗ್ಗಲಿನಲ್ಲಿ ಒಬ್ಬೊಬ್ಬ ಗಿರಾಕಿಗೂ ದಪ್ಪನೆಯ ಲೆಕ್ಕದ ಪುಸ್ತಕವನ್ನು ತೆರೆದು, ಅವನ ಪುಟವನ್ನು ಹುಡುಕಿ ಬರೆಯುತ್ತ ಕುಳಿತರೆ ವ್ಯಾಪಾರ ನಡೆಯದು. ಆದುದರಿಂದ ಅವನು ಪಕ್ಕದಲ್ಲಿರುವ ಹಲಗೆಯ ಮೇಲೆ ಬಳಪದಿಂದ ಗುರುತುಹಾಕಿ, ‘ಬರೆದುಕೊಂಡೆ, ಹೋಗಿ ಬನ್ನಿ’ ಎನ್ನುತ್ತಾನೆ. ಗದ್ದಲ ಕಡಿಮೆಯಾದಾಗ ಒಬ್ಬನೇ ಗಿರಾಕಿಯ ಬಾಬುಗಳನ್ನೆಲ್ಲ ಒಟ್ಟುಗೂಡಿಸಿ ಪುಸ್ತಕಕ್ಕೆ ಏರಿಸುತ್ತಾನೆ. ರೇಡ್ ನಿಯಂತ್ರಕದಲ್ಲಿಯೂ ಇಂಥದೊಂದು ಹಲಗೆಯುಂಟು. ಅದಕ್ಕೆ ‘ಕ್ಯಾಶ್’ ಎಂದು ಹೆಸರು. ಇದು ಹಣವೆಂಬ ಅರ್ಥದ ಮಾತಲ್ಲ; ಬಚ್ಚಿಡುವುದು ಎಂಬರ್ಥದ ಫ್ರೆಂಚ್ ಪದದಿಂದ ಹುಟ್ಟಿದ್ದು. ಕ್ಯಾಶಿನಲ್ಲಿ ಬರೆಯಲು ಬೇಕಾಗುವ ಕಾಲ ಡಿಸ್ಕಿಗೆ ಬೇಕಾಗುವುದರ ಸಾವಿರದಲ್ಲೊಂದು ಪಾಲೂ ಅಲ್ಲ. ಅಲ್ಲಿ ಬರೆದೊಡನೆಯೇ ನಿಯಂತ್ರಕವು ‘ಬರೆದಾಯಿತು’ ಎಂದು ಉತ್ತರ ಕೊಡುತ್ತದೆ. ಬರಹಗಳು ಕೂಡಿದ ಮೇಲೆ ಅವುಗಳನ್ನು ತಲೆಯ ಓಡಾಟ ಕಡಿಮೆಯಾಗುವಂತೆ ಜೋಡಿಸಿ, ಬಿಡುವಾದಂತೆ ಡಿಸ್ಕುಗಳಿಗೆ ಇಳಿಸುತ್ತದೆ.

ಎಲ್ಲವೂ ಸರಿ, ಆದರೆ ಈ ಹಲಗೆಗೆ ಒಂದು ವಿಚಿತ್ರ ದೋಷವಿದೆ. ವಿದ್ಯುತ್ತು ನಿಂತೊಡನೆ ಅದರ ಮೇಲಿನ ಬರಹವೆಲ್ಲ ಅಳಿಸಿಹೋಗುತ್ತದೆ! ಇದಕ್ಕೆ ಕಾರಣವೇನು? ಕ್ಯಾಶಿನಲ್ಲಿ ಬಳಸುವ ಸ್ಮೃತಿಯು ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಅವರು ೧೯೬೮ರಲ್ಲಿ ಪೇಟೆಂಟ್ ಪಡೆದ ಬಗೆಯದು. ಅದರಲ್ಲಿ ಒಂದೊಂದು ಅಂಕವೂ ಅತಿ ಸಣ್ಣ ಕೆಪಾಸಿಟರಿನಲ್ಲಿ ತುಂಬಿಟ್ಟ ವಿದ್ಯುದಂಶ. ಬಿರುಕುಬಿಟ್ಟ ಕೊಡದ ನೀರಿನಂತೆ ಈ ಅಂಶ ಸದಾ ಸೋರುತ್ತಿರುತ್ತದೆ. ಆದುದರಿಂದ ಸಾಮಾನ್ಯವಾಗಿ ೬೪ ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದನ್ನೂ ಓದಿ ಮತ್ತೆ ತುಂಬುತ್ತಿರಬೇಕು. ತುಂಬುವ ಕೈ ನಿಂತರೆ ಬರಹವೂ ಇಲ್ಲ, ಕೊಟ್ಟ ಮಾತೂ ಇಲ್ಲ.

ನಷ್ಟವು ಅಷ್ಟಕ್ಕೇ ನಿಲ್ಲದಿರಬಹುದು. ಹಿಂದಿನ ಉದಾಹರಣೆಯಲ್ಲಿ ಎರಡನೆಯ ಡಿಸ್ಕಿನ ೦ ಎಂಬುದನ್ನು ೧ ಎಂದು ತಿದ್ದಿ, ಸಾಕ್ಷಿಯನ್ನು ತಿದ್ದುವ ಮೊದಲೇ ವಿದ್ಯುತ್ತು ಹೋಯಿತೆನ್ನೋಣ. ಈಗ ಡಿಸ್ಕುಗಳಲ್ಲಿ ೧, ೧, ೧ ಇವೆ. ಸಾಕ್ಷಿ ಮಾತ್ರ ಹಳೆಯ ೦. ಕೆಲವು ತಿಂಗಳ ಮೇಲೆ ಮೊದಲನೆಯ ಡಿಸ್ಕು ಕೆಟ್ಟರೆ ನಿಯಂತ್ರಕವು ೧, ೧, ೦ಗಳನ್ನು ಕೂಡಿ, ಮೊತ್ತ ಸಮವಾಗಿರುವುದರಿಂದ ಕಳೆದುಹೋದ ಅಂಕ ೦ ಎಂದು ತೀರ್ಮಾನಿಸುವುದು. ಅಲ್ಲಿದ್ದುದು ೧! ಆ ದಿನ ಯಾರೂ ಮುಟ್ಟದಿದ್ದ ಬರಹವೇ ಹೀಗೆ ಸದ್ದಿಲ್ಲದೆ ತಪ್ಪಾಗುತ್ತದೆ. ಸುಳ್ಳುಸಾಕ್ಷಿಯು ನಿರಪರಾಧಿಯನ್ನು ಕೆಡಿಸಿದಂತಾಯಿತು.

ಈ ಎರಡು ಅಪಾಯಗಳನ್ನೂ ತಡೆಯಲೆಂದು ನಿಯಂತ್ರಕದ ಪಕ್ಕದಲ್ಲಿ ಒಂದು ಪುಟ್ಟ ಬ್ಯಾಟರಿಯನ್ನು ಇಡುತ್ತಾರೆ. ಇದು ಡಿಸ್ಕುಗಳನ್ನು ತಿರುಗಿಸುತ್ತದೆಂದು ಹಲವರು ತಿಳಿದಿರುವುದುಂಟು. ಹಾಗಲ್ಲ, ಅಷ್ಟು ಶಕ್ತಿ ಅದಕ್ಕಿಲ್ಲ. ಸೋರುವ ಕೊಡಗಳನ್ನು ತುಂಬುತ್ತಿರುವುದೊಂದೇ ಅದರ ಕೆಲಸ. ಇಡೀ ಯಂತ್ರ ಕತ್ತಲೆಯಲ್ಲಿ ಮಲಗಿರುವಾಗ ಅದು ಕ್ಯಾಶಿನ ಬರಹವನ್ನು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳವರೆಗೆ ಎಚ್ಚರವಾಗಿಟ್ಟಿರಬಲ್ಲದು. ವಿದ್ಯುತ್ತು ಮರಳಿದೊಡನೆ ನಿಯಂತ್ರಕವು ಅರ್ಧಕ್ಕೆ ನಿಂತ ಅಂಕಗಳನ್ನೂ ಸಾಕ್ಷಿಗಳನ್ನೂ ಡಿಸ್ಕುಗಳಿಗೆ ಬರೆದು ಮುಗಿಸುತ್ತದೆ. ನಮ್ಮ ವಿದ್ಯಾರ್ಥಿಯ ಅರ್ಜಿ ಉಳಿಯುತ್ತದೆ.

ಕಾವಲುಗಾರನಿಗೂ ವಯಸ್ಸಾಗುವುದಷ್ಟೆ. ಕೆಲವು ವರ್ಷಗಳಲ್ಲಿ ಬ್ಯಾಟರಿಯ ಧಾರಣಶಕ್ತಿ ಕುಗ್ಗುತ್ತದೆ. ಆದುದರಿಂದ ಅನೇಕ ನಿಯಂತ್ರಕಗಳು ನಿಯತಕಾಲಕ್ಕೊಮ್ಮೆ ಅದನ್ನು ಬರಿದುಮಾಡಿ, ಪುನಃ ತುಂಬಿ, ಉಳಿದಿರುವ ಶಕ್ತಿಯನ್ನು ಅಳೆಯುತ್ತವೆ. ಈ ಪರೀಕ್ಷೆಯ ವೇಳೆಯಲ್ಲಿ, ಅಥವಾ ಬ್ಯಾಟರಿ ಸೋತಿದೆಯೆಂದು ಕಂಡಾಗ, ನಿಯಂತ್ರಕವು ಮುಂಚಿತವಾಗಿ ಮಾತು ಕೊಡುವುದನ್ನೇ ನಿಲ್ಲಿಸುತ್ತದೆ. ಡಿಸ್ಕಿಗೆ ಬರೆದ ಮೇಲೆಯೇ ‘ಬರೆದಾಯಿತು’ ಎನ್ನುತ್ತದೆ. ಕೆಲಸ ನಿಧಾನವಾಗುತ್ತದೆ. ಇದರಿಂದ ಬೇಸತ್ತು, ಬ್ಯಾಟರಿಯಿರಲಿ ಬಿಡಲಿ ಮೊದಲೇ ಉತ್ತರ ಕೊಡೆಂದು ಯಂತ್ರಕ್ಕೆ ಆಜ್ಞೆಮಾಡುವವರೂ ಉಂಟು. ಅವರು ವೇಗವನ್ನು ಪಡೆಯುವರು, ನಂಬಿಕೆಯನ್ನು ಒತ್ತೆಯಿಡುವರು.

ಈಚಿನ ನಿಯಂತ್ರಕಗಳಲ್ಲಿ ಬ್ಯಾಟರಿಯ ಸ್ಥಾನಕ್ಕೆ ದೊಡ್ಡ ಧಾರಣೆಯ ಕೆಪಾಸಿಟರ್ ಬಂದಿದೆ. ವಿದ್ಯುತ್ತು ನಿಂತಾಗ, ಅದರಲ್ಲಿ ಕೂಡಿಟ್ಟ ಅಲ್ಪಕಾಲದ ಶಕ್ತಿಯಿಂದ ಕ್ಯಾಶಿನ ಬರಹವೆಲ್ಲವೂ ಫ್ಲ್ಯಾಶ್ ಸ್ಮೃತಿಗೆ ನಕಲಾಗುತ್ತದೆ. ಫ್ಲ್ಯಾಶಿಗೆ ಮರುತುಂಬುವ ಕೈ ಬೇಡ. ವಿದ್ಯುತ್ತಿಲ್ಲದೆಯೇ ಬರಹ ಬಹುಕಾಲ ನಿಲ್ಲುತ್ತದೆ. ಮೂರು ದಿನಗಳ ಗಡುವು ಇಲ್ಲಿಲ್ಲ.

ಈ ಕಾವಲಿನ ಎಲ್ಲೆಯನ್ನೂ ನಾವು ಅರಿತಿರಬೇಕು. ಕೈತಪ್ಪಿ ಅಳಿಸಿದ ಕಡತವನ್ನು ಬ್ಯಾಟರಿ ಮರಳಿಸದು. ಬೆಂಕಿಯಿಂದ ಯಂತ್ರವನ್ನು ರಕ್ಷಿಸದು. ಒಂದೊಂದು ಡಿಸ್ಕಿನ ಒಳಗೂ ಅದರದೇ ಆದ ಚಿಕ್ಕ ಕ್ಯಾಶ್ ಇರುತ್ತದೆ. ನಿಯಂತ್ರಕದ ಬ್ಯಾಟರಿ ಅದನ್ನು ಕಾಯುವುದಿಲ್ಲವಾದ್ದರಿಂದ ತಿಳಿದವರು ಅದರಲ್ಲಿ ಬರಹ ನಿಲ್ಲದಂತೆ ಮುಚ್ಚಿಡುತ್ತಾರೆ. ಮುಖ್ಯವಾದ ಬರಹದ ಇನ್ನೊಂದು ಪ್ರತಿ ಬೇರೊಂದು ಸ್ಥಳದಲ್ಲಿ ಇರಲೇಬೇಕು.

ಬೇಗ ಮಾತು ಕೊಡುವುದು ಸುಲಭ. ಕೊಟ್ಟ ಮಾತಿಗೂ ನಡೆದ ಕೆಲಸಕ್ಕೂ ನಡುವೆ ಉಳಿಯುವ ಕೆಲವು ಕ್ಷಣಗಳನ್ನು ಕಾಯುವುದು ಕಷ್ಟ. ಮುಂದೆ ತೆರೆಯ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಮಾತು ಮೂಡಿದಾಗ, ಎಲ್ಲಿಯೋ ಒಂದು ಪೆಟ್ಟಿಗೆಯ ಮೂಲೆಯಲ್ಲಿ ಆ ಕ್ಷಣಗಳಿಗಾಗಿಯೇ ಕಾದು ಕುಳಿತಿರುವ ಪುಟ್ಟ ಬ್ಯಾಟರಿಯನ್ನು ವಾಚಕರು ಒಮ್ಮೆ ನೆನೆಯಬಹುದು.